ಹಂದಿ ಮಾರಿ ತಂದ ಮರಿ

ಊಟದ ಮೇಜಿನ ಮೇಲೆ ರಾದಿವೋಯ್ ಬೆರಳಿನಲ್ಲಿ ತಾಳ ಹಾಕಿದ್ದೇ ತಪ್ಪಾಯಿತು.

"ಅಳಿಯಂದ್ರೇ," ಅಂದಳು ದೋಕಿಯಾ, ಸಾರಿನ ಸೌಟು ಕೈಯಲ್ಲೇ ಹಿಡಿದುಕೊಂಡು. "ಇನ್ನೂ ವರ್ಷ ತುಂಬಿಲ್ಲ."

"ನಾನೇನು ಹಾಡಿದ್ನಾ ಅತ್ತೆ? ಬೆರಳು ಆಡ್ಸಿದೆ ಅಷ್ಟೆ."

"ಬೆರಳು ಹಾಡ್ತಾ ಇತ್ತು. ಕಿವಿ ಹೋಗಿದೆ ಅಂತ ಕಣ್ಣೂ ಹೋಗಿದ್ಯಾ ನಂಗೆ?"

"ಶುರುವಾಯ್ತಾ?" ಅಂದಳು ರಾದಿವೋಯ್‌ನ ಮಗಳು ಯಾಸ್ನಾ. "ಸಾರು ಆರಿ ತಣ್ಣಗಾಗ್ತಿದೆ. ಕುಡೀರಿ ಇಬ್ರೂ."

ಕುಡಿದರು. ಯಾಸ್ನಾಳ ತಾಯಿ ಫ್ಲೋರಿಕಾ ಇದ್ದಾಗ ಈ ಮನೆಯಲ್ಲಿ ಜಗಳಕ್ಕೂ ಒಂದು ಲಕ್ಷಣವಿತ್ತು. ಅಮ್ಮನ ಮಾತನ್ನು ಅರ್ಧ ನುಂಗಿ ಗಂಡನಿಗೆ ಹೇಳುತ್ತಿದ್ದಳು, ಗಂಡನ ಮಾತಿಗೆ ಸಕ್ಕರೆ ಬೆರೆಸಿ ಅಮ್ಮನಿಗೆ ಮುಟ್ಟಿಸುತ್ತಿದ್ದಳು. ಹೋದ ಫೆಬ್ರವರಿಯಲ್ಲಿ ಅವಳು ತೀರಿಕೊಂಡಳು. ವರ್ಷ ತುಂಬುವವರೆಗೆ ಮನೆಯಲ್ಲಿ ಹಾಡು ವಾದ್ಯ ಕೂಡದು ಅಂತ ದೋಕಿಯಾ ಕಟ್ಟು ಹಾಕಿದ್ದಳು. ಆಮೇಲೆ ಅತ್ತೆ ಅಳಿಯನ ನಡುವೆ ಉಳಿದದ್ದು ಉಪ್ಪಿನ ಡಬ್ಬಿ ಒಂದೇ. ಅದನ್ನೂ ಯಾಸ್ನಾ ಅತ್ತಿತ್ತ ದಾಟಿಸಬೇಕಿತ್ತು.

ಮನೆ ದೋಕಿಯಾಳದು. ಜಾಯೆಚಾರ್ ಪಟ್ಟಣದ ಗಾಜಿನ ಕಾರ್ಖಾನೆ ಅವಳ ಗಂಡನಿಗೆ ಕೊಟ್ಟಿದ್ದ ನಾಲ್ಕನೇ ಮಹಡಿಯ ಎರಡು ಕೋಣೆಯ ಮನೆ. ರಾದಿವೋಯ್ ಮದುವೆಯಾಗಿ ಇಲ್ಲಿಗೆ ಮನೆ ಅಳಿಯನಾಗಿ ಬಂದು ಮೂವತ್ತನಾಲ್ಕು ವರ್ಷವಾಗಿತ್ತು. ಬಂದ ಮೊದಲ ದಿನ ದೋಕಿಯಾ ಅವನನ್ನು "ಅಳಿಯಂದ್ರೇ" ಅಂತ ಕರೆದಳು. ಹಬ್ಬಕ್ಕೆ ಬಂದು ಉಂಡು ನಾಳೆ ಬಸ್ಸು ಹತ್ತುವವರನ್ನು ಕರೆಯುವ ಹಾಗೆ. ಅವನು ಬಸ್ಸು ಹತ್ತಲಿಲ್ಲ. ಅವಳು ಕರೆಯುವುದನ್ನು ಬದಲಿಸಲಿಲ್ಲ.

ಅವನು ಬರುವಾಗ ಜೊತೆಗೆ ತಂದದ್ದು ಎರಡೇ ಸಾಮಾನು, ಒಂದು ಗಿಟಾರು, ಇನ್ನೊಂದು ಹಂದಿ. ಹಂದಿಯೆಂದರೆ ಗಿಟಾರಿನ ದನಿ ಹೆಚ್ಚಿಸುವ, ಹಳೇ ರೇಡಿಯೋದಲ್ಲಿದ್ದಂಥ ಗಾಜಿನ ವಾಲ್ವ್ ಇರುವ ಆಂಪ್ಲಿಫೈಯರ್. ಇಬ್ಬರು ಹೊರಬೇಕಾದ ಕಪ್ಪು ಪೆಟ್ಟಿಗೆ. ಹಗಲು ಟೆಲಿಫೋನ್ ಇಲಾಖೆಯಲ್ಲಿ ತಂತಿ ಎಳೆಯುತ್ತಿದ್ದ ರಾದಿವೋಯ್ ಶನಿವಾರ ಭಾನುವಾರ ಆ ಹಂದಿಯನ್ನು ಹೊತ್ತುಕೊಂಡು ಮದುವೆ ಮನೆಗಳಲ್ಲಿ ಬಾರಿಸುತ್ತಿದ್ದ. ಇನ್ನೂರು ಜನ ಕುಣಿಯುವ ಅಂಗಳದಲ್ಲಿ ಅದರ ನಾದ ಕೇಳಬೇಕಿತ್ತು! ಮನೆಯಲ್ಲಿ ಮಾತ್ರ ಅದರದ್ದೊಂದು ತೊಂದರೆ. ಗುಂಡಿಯನ್ನು ನಾಲ್ಕರವರೆಗೆ ತಿರುಗಿಸಿದರೆ ದನಿ ಬಿಚ್ಚಿಕೊಳ್ಳುತ್ತಿತ್ತು, ಆದರೆ ಕಟ್ಟಡವೇ ನಡುಗುತ್ತಿತ್ತು. ಒಂದಕ್ಕೆ ಇಳಿಸಿದರೆ ನೆಗಡಿ ಹಿಡಿದವನು ಕಂಬಳಿಯೊಳಗಿಂದ ಮಾತಾಡಿದ ಹಾಗೆ. ಕೆಳಗಿನ ಮನೆಯ ಪೆರ್ಸಿಡಾ, ರೈಲ್ವೆಯಲ್ಲಿ ಟಿಕೆಟ್ ಹರಿಯುತ್ತಿದ್ದವಳು, ಎಲ್ಲ ಮಹಡಿಗಳನ್ನೂ ಹಾದುಹೋಗುವ ಬಿಸಿನೀರಿನ ಕೊಳವೆಗೆ ಚಮಚದಿಂದ ಟಣ್ ಟಣ್ ಅಂತ ಬಡಿಯುತ್ತಿದ್ದಳು. ಅಡುಗೆಮನೆಯಿಂದ ಫ್ಲೋರಿಕಾ ಕೂಗುತ್ತಿದ್ದಳು:

"ಮೆತ್ತಗೆ ರಾದೆ! ಆದ್ರೆ ಸಾಯಿಸ್ಬೇಡ!"

ಸದ್ದು ಕಡಿಮೆಯಾಗಬೇಕು, ನಾದ ಸಾಯಬಾರದು. ಇದು ಹಂದಿಯ ಕೈಯಲ್ಲಿ ಆಗದ ಕೆಲಸ. "ನೀನು ರಿಟೈರ್ ಆದ ದಿನ ಈ ಹಂದಿ ಮಾರಿಬಿಡೋಣ," ಅನ್ನುತ್ತಿದ್ದಳು ಅವಳು, "ನೀಶ್‌ಗೆ ಹೋಗಿ ಇದಕ್ಕಿಂತ ಸಣ್ಣದು ಒಂದು ಮರಿ ತರೋಣ. ನಾನೇ ಆರಿಸ್ತೀನಿ. ನೀನು ಬಾರಿಸ್ತೀಯ ಅಷ್ಟೆ, ಕೇಳೋಳು ನಾನು ತಾನೇ?"

ನವೆಂಬರಿನಲ್ಲಿ ರಾದಿವೋಯ್ ನಿವೃತ್ತನಾದ. ಆರಿಸುವವಳು ಇರಲಿಲ್ಲ. ದಿನವಿಡೀ ಮನೆಯಲ್ಲಿ ಕೂತರೆ ಗೋಡೆ ಗಡಿಯಾರದ ಟಿಕ್ ಟಿಕ್ ಬಿಟ್ಟರೆ ಸದ್ದಿಲ್ಲ. ಯಾಸ್ನಾ ಔಷಧಿ ಅಂಗಡಿಗೆ ಕೆಲಸಕ್ಕೆ ಹೋದ ಮೇಲೆ ಅತ್ತೆಗೆ ಇವನು ಕಂಡರೂ ಕಾಣಿಸುವುದಿಲ್ಲ, ಇವನಿಗೆ ಅತ್ತೆಯ ಮಾತು ಕೇಳಿದರೂ ಕೇಳಿಸುವುದಿಲ್ಲ. ಮೂರು ವಾರದಲ್ಲಿ ಅವನು ಸೋತುಹೋದ. ವರ್ಷ ತುಂಬಿದ ದಿನ ಮನೆಯಲ್ಲಿ ಮೊದಲು ಕೇಳುವ ಸದ್ದು ಫ್ಲೋರಿಕಾ ಬೇಕೆಂದಿದ್ದ ಆ ಮೆತ್ತನೆಯ ನಾದವೇ ಆಗಿರಬೇಕು ಅಂತ ಒಂದು ಹಟ ಅವನ ತಲೆಗೆ ಹೊಕ್ಕಿತು. ಇಲ್ಲದಿದ್ದರೆ ಅವಳು ಪೂರ್ತಿ ಹೋಗಿಬಿಟ್ಟ ಹಾಗೆ ಅನ್ನಿಸಿತು.

ನೆಗೋಟಿನ್ ಕಡೆಯ ಮದುವೆ ಬ್ಯಾಂಡಿನವರು ಬಂದು ಹಂದಿಗೆ ದುಡ್ಡು ಕೊಟ್ಟು ಮೆಟ್ಟಿಲಿಳಿಸಿಕೊಂಡು ಹೋದರು. ದೋಕಿಯಾ ಬಾಗಿಲಲ್ಲಿ ನಿಂತು ನೋಡಿದಳು.

"ಒಳ್ಳೇದಾಯ್ತು," ಅಂದಳು. "ಅದರ ಜಾಗದಲ್ಲಿ ಈರುಳ್ಳಿ ಚೀಲ ಇಡ್ಬಹುದು."

ಇಟ್ಟಳು ಕೂಡ.

ಡಿಸೆಂಬರಿನಲ್ಲಿ ರಾದಿವೋಯ್ ನೀಶ್‌ಗೆ ಮೂರು ಸಲ ಹೋಗಿಬಂದ. ವಾದ್ಯದ ಅಂಗಡಿಯ ನೆನಾದ್ ಮೊದಲು ತೋರಿಸಿದ್ದು ಅಂಗೈಯಗಲದ್ದು, ಬ್ಯಾಟರಿಯಲ್ಲಿ ಓಡುವುದು. ಡಬ್ಬಿಯೊಳಗೆ ಕಣಜ ಸಿಕ್ಕಿಹಾಕಿಕೊಂಡ ಹಾಗೆ ಗುಂಯ್ ಅಂದಿತು. ಎರಡನೆಯದರ ಹೊಟ್ಟೆಯಲ್ಲಿ ನೂರು ಆಂಪ್ಲಿಫೈಯರುಗಳ ದನಿ ತುಂಬಿದ್ದರು.

"ಯಾವ್ದು ಬೇಕೋ ಆ ದನಿ ತೆಗೀಬಹುದು ಅಣ್ಣ. ಹೆಡ್‌ಫೋನ್ ಹಾಕ್ಕೊಂಡ್ರೆ ಪಕ್ಕದವರಿಗೂ ಕೇಳ್ಸಲ್ಲ."

"ಪಕ್ಕದವರಿಗೆ ಕೇಳ್ಸದೇ ಇದ್ರೆ ಯಾರಿಗೆ ಬಾರ್ಸೋದು?" ಅಂದ ರಾದಿವೋಯ್. "ಎಲ್ಲರ ದನೀನೂ ಇದೆ ಸರಿ, ಇದರದ್ದು ಯಾವುದಪ್ಪಾ?"

ನೆನಾದ್ ನಕ್ಕು ಒಳಗಿನಿಂದ ಮೂರನೆಯದನ್ನು ತಂದ. ಬ್ರೆಡ್ಡಿನ ಪೆಟ್ಟಿಗೆಯಷ್ಟು ದೊಡ್ಡದು, ಮರದ್ದು, ಒಳಗೆ ಒಂದೇ ವ್ಯಾಟ್ಟಿನ ವಾಲ್ವ್, ಮೈಗೆ ಮೀರಿದ ಸ್ಪೀಕರು. "ಸಣ್ಣ ಸ್ಪೀಕರಿಗೆ ಉಸಿರು ಸಾಲಲ್ಲ," ಅಂದ. "ವ್ಯಾಟ್ ಕಡಿಮೆ ಇರ್ಬೇಕು, ಎದೆ ದೊಡ್ಡದಿರ್ಬೇಕು. ಆದ್ರೆ ಅಂಗಡೀಲಿ ಕೇಳಿ ತಗೋಬೇಡಿ. ಇಲ್ಲಿ ಎಲ್ಲಾ ಚೆನ್ನಾಗೇ ಕೇಳುತ್ತೆ. ಇದನ್ನೂ ಆ ನೂರು ದನಿಯದನ್ನೂ ಮನೆಗೆ ತಗೊಂಡೋಗಿ, ಒಂದು ವಾರ ಇಟ್ಕೊಂಡು ನೋಡಿ."

ಮನೆಗೆ! ಅಲ್ಲೇ ಇದ್ದದ್ದು ಸಂಕಟ. ಮನೆಯಲ್ಲಿ ಬಾರಿಸುವ ಹಾಗಿಲ್ಲ. ಕಟ್ಟಡದ ನೆಲಮಾಳಿಗೆಯಲ್ಲಿ ಸೌದೆ ರಾಶಿಯ ಮಧ್ಯೆ ಕೂತು ನೋಡಿದ. ಕಲ್ಲುಗೋಡೆ ಎಲ್ಲವನ್ನೂ ಇಗರ್ಜಿಯ ಹಾಡು ಮಾಡಿಬಿಟ್ಟಿತು. ಅವನಿಗೆ ಬೇಕಾದದ್ದು ತಮ್ಮ ಮನೆಯಷ್ಟೇ ದೊಡ್ಡ ಕೋಣೆ, ಅಷ್ಟೇ ದೂರದಲ್ಲಿ ಅಡುಗೆಮನೆ. ಅಂಥ ಮನೆ ಕಟ್ಟಡದಲ್ಲಿ ಒಂದಿತ್ತು, ಸರಿಯಾಗಿ ಕೆಳಗೆ.

ಪೆರ್ಸಿಡಾ ಬಾಗಿಲು ತೆರೆದು, ಎರಡು ಕಂಕುಳಲ್ಲಿ ಎರಡು ಪೆಟ್ಟಿಗೆ ಹಿಡಿದು ನಿಂತವನನ್ನು ಅಡಿಯಿಂದ ಮುಡಿವರೆಗೆ ನೋಡಿದಳು.

"ಮೂವತ್ತು ವರ್ಷ ಚಮಚ ಸವೆಸಿದ್ದೀನಿ ನಿಮ್ಮಿಂದ. ಈಗ ನನ್ನ ಮನೆಯೊಳಗೇ ಬಂದು ಬಾರಿಸ್ತೀರಾ?"

"ಒಂದು ಗಂಟೆ ಅಷ್ಟೆ ಪೆರ್ಸಿಡಾ. ಮೇಲೆ ವರ್ಷ ತುಂಬಿಲ್ಲ, ನಿಮಗೆ ಗೊತ್ತಲ್ಲ."

ಅವಳ ಮುಖ ಸಡಿಲವಾಯಿತು. ಫ್ಲೋರಿಕಾಳ ವಯಸ್ಸಿನವಳು, ಒಬ್ಬಳೇ ಇರುವವಳು. "ಬನ್ನಿ. ನಾನೇನು ಮಾಡ್ಬೇಕು?"

"ಒಲೆ ಹತ್ರ ಬೆನ್ನು ಹಾಕಿ ನಿಂತ್ಕೊಳ್ಳಿ. ಕೆಲಸ ಮಾಡ್ತಾ ಇರಿ. ಕೇಳಿಸ್ಕೋಬೇಡಿ."

"ಕೇಳಿಸ್ಕೋಬಾರ್ದು ಅಂದ್ರೆ ಬಾರಿಸೋದ್ಯಾಕೆ? ಒಳ್ಳೇ ಮನುಷ್ಯ!"

ಆದರೂ ನಿಂತಳು. ನೂರು ದನಿಯ ಪೆಟ್ಟಿಗೆಯಲ್ಲಿ ಬಾರಿಸಿದ. ಪೆರ್ಸಿಡಾ ಈರುಳ್ಳಿ ಹೆಚ್ಚುತ್ತಲೇ ಇದ್ದಳು, ಟಕ ಟಕ ಟಕ. ಮರದ ಪೆಟ್ಟಿಗೆಗೆ ತಂತಿ ಸಿಕ್ಕಿಸಿದ. ಮಾತಾಡುವ ದನಿಗಿಂತ ಕೆಳಗೆ, ಕುಕ್ಕರಿನ ಉಗಿಗಿಂತ ಸ್ವಲ್ಪ ಮೇಲೆ ಇಟ್ಟು ಮೀಟಿದ. ಅಷ್ಟು ಮೆತ್ತಗಿದ್ದರೂ ಒಂದೊಂದು ಸ್ವರವೂ ದುಂಡಗೆ ಬಂತು, ಕೊನೆಯಲ್ಲಿ ಸ್ವಲ್ಪವೇ ಒರಟಾಯಿತು, ಆಮೇಲೆ ತಾನಾಗಿಯೇ ಆರಿತು. ಅಡುಗೆಮನೆಯಲ್ಲಿ ಚಾಕು ನಿಂತಿತು.

ರಾದಿವೋಯ್ ತಲೆಯೆತ್ತಿದ. ಅದೇ ಒಲೆ, ಅದೇ ಕಿಟಕಿ, ಬೆನ್ನು ಹಾಕಿ ನಿಂತ ಒಬ್ಬ ಹೆಂಗಸು. ಒಂದು ಕ್ಷಣ ಅವನು ಕಾದ. 'ಮೆತ್ತಗೆ ರಾದೆ' ಅಂತ ಯಾರೂ ಅನ್ನಲಿಲ್ಲ. ಅಳು ಬಂತು. ಗಿಟಾರಿನ ಮೇಲೆ ಬಗ್ಗಿ ತಂತಿ ಬಿಗಿ ಮಾಡುವವನ ಹಾಗೆ ನಟಿಸಿದ. ಪೆರ್ಸಿಡಾ ತಿರುಗಿ ನೋಡಿ, ನೋಡಲಿಲ್ಲವೆಂಬಂತೆ ಮತ್ತೆ ಈರುಳ್ಳಿಗೆ ಕೈಹಾಕಿದಳು.

ಸುದ್ದಿ ಮೆಟ್ಟಿಲು ಹತ್ತಲು ಎರಡು ದಿನ ಸಾಕಾಯಿತು. ದೋಕಿಯಾ ಮೆಕ್ಕೆಜೋಳದ ಹಿಟ್ಟಿನ ಮುದ್ದೆ ತಿರುವುತ್ತಿದ್ದವಳು ಹಿಟ್ಟಿನ ಕೋಲನ್ನೇ ಎತ್ತಿಕೊಂಡು ಕೋಣೆಗೆ ಬಂದಳು.

"ನನ್ನ ಮಗಳ ಮಣ್ಣು ಇನ್ನೂ ಆರಿಲ್ಲ. ನೀವು ಕಂಡವಳ ಅಡುಗೆಮನೇಲಿ ಕೂತ್ಕೊಂಡು ಸರಸದ ಹಾಡು ಬಾರಿಸ್ತೀರಾ?"

"ಸರಸಾನೂ ಇಲ್ಲ, ಸುಡುಗಾಡೂ ಇಲ್ಲ! ಪೆಟ್ಟಿಗೆ ಪರೀಕ್ಷೆ ಮಾಡೋಕೆ ಹೋಗಿದ್ದೆ."

"ಪೆಟ್ಟಿಗೆ ಪರೀಕ್ಷೇನೋ, ಪೆರ್ಸಿಡಾ ಪರೀಕ್ಷೇನೋ!"

"ಅಜ್ಜೀ!" ಅಂತ ಯಾಸ್ನಾ ಓಡಿಬಂದಳು.

"ಏನು ಮಾಡ್ಲಿ ಅತ್ತೆ?" ರಾದಿವೋಯ್ ದನಿ ಏರಿತು. "ಈ ಮನೇಲಿ ಬೆರಳು ಆಡಿಸಿದ್ರೂ ತಪ್ಪು. ಹೊರಗೆ ಹೋದ್ರೂ ತಪ್ಪು. ಎಲ್ಲಿ ಹೋಗ್ಲಿ ನಾನು? ನೀವೇ ಹೇಳಿ!"

"ನಾನೆಲ್ಲಿ ಹೋಗಿ ಅಂದೆ?"

"ಮೂವತ್ತನಾಲ್ಕು ವರ್ಷದಿಂದ ದಿನಾ ಅಂತಿದ್ದೀರಿ. ಅಳಿಯಂದ್ರೇ, ಅಳಿಯಂದ್ರೇ ಅಂತ!"

ಒಲೆಯ ಮೇಲೆ ಮುದ್ದೆ ಸೀದು ಹೋಗುವ ವಾಸನೆ ಬಂತು. ಆವತ್ತು ಮೂವರೂ ಸೀದ ಮುದ್ದೆಯನ್ನೇ ಉಪ್ಪಿನ ಗಿಣ್ಣಿನ ಜೊತೆ ತಿಂದರು. ಆಮೇಲೆ ಹದಿನೈದು ದಿನ ಉಪ್ಪಿನ ಡಬ್ಬಿ ಕೂಡ ದಾಟಲಿಲ್ಲ.

ಮರದ ಪೆಟ್ಟಿಗೆಯನ್ನೇ ರಾದಿವೋಯ್ ಕೊಂಡ. ಹಂದಿಯ ದುಡ್ಡು ಅದಕ್ಕೇ ಸರಿಹೋಯಿತು. ತಂದು ಉಗ್ರಾಣದಲ್ಲಿ, ಫ್ಲೋರಿಕಾ ಕೊನೆಯ ಸಲ ಕೆಂಪು ದೊಣ್ಣೆಮೆಣಸು ಸುಟ್ಟು ರುಬ್ಬಿ ತುಂಬಿಟ್ಟಿದ್ದ ಬಾಟಲಿಗಳ ಹಿಂದೆ ಅಡಗಿಸಿದ. ಆ ಬಾಟಲಿಗಳನ್ನು ಯಾರೂ ತೆರೆಯುತ್ತಿರಲಿಲ್ಲ, ಹಾಗಾಗಿ ಯಾರೂ ನೋಡುವುದಿಲ್ಲ ಅಂದುಕೊಂಡ. ದೋಕಿಯಾ ಮಾತ್ರ ದಿನಾ ಬೆಳಿಗ್ಗೆ ಅವುಗಳ ಧೂಳು ಒರೆಸುತ್ತಿದ್ದಳು. ಇದು ಅವನಿಗೆ ತಿಳಿದಿರಲಿಲ್ಲ.

ಜನವರಿ ಕೊನೆಯಲ್ಲಿ ಯಾಸ್ನಾ ಅಪ್ಪನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದಳು.

"ಅಪ್ಪ, ಅಜ್ಜಿಗೆ ಪೆಟ್ಟಿಗೆ ಸಿಕ್ಕಿದೆ."

"ಬಿಸಾಕಿದ್ಲಾ?"

"ಇಲ್ಲ. ಟವೆಲ್ ಹೊದಿಸಿ ಇಟ್ಟಿದ್ದಾಳೆ. ವರ್ಷದ ಪೊಮಾನಾ ದಿನ ಅಮ್ಮನ ಹೆಸರಲ್ಲಿ ಕೊಡ್ತಾಳಂತೆ."

ರಾದಿವೋಯ್ ಮಂಚದ ಮೇಲೆ ಕೂತುಬಿಟ್ಟ. ದೋಕಿಯಾ ಹೊಳೆಯಾಚೆಯ, ವ್ಲಾಹ್ ಜನರ ಹಳ್ಳಿಯವಳು. ಪೊಮಾನಾ ಅಂದರೆ ಅವಳ ಕಡೆಯ ತಿಥಿಯೂಟ. ಅದರಲ್ಲಿ ಸತ್ತವರ ಹೆಸರು ಹೇಳಿ ಇಲ್ಲಿ ಏನು ಕೊಡುತ್ತಾರೋ ಅದು ಅಲ್ಲಿ ಅವರಿಗೆ ಮುಟ್ಟುತ್ತದೆ. ಬಟ್ಟೆ, ತಟ್ಟೆ, ಹಾಸಿಗೆ, ಈಚೆಗೆ ಟಿವಿ, ಫೋನು ಕೂಡ. ಪಡೆದವರು ಅದನ್ನು ಬಳಸಬೇಕು. ಬಳಸದೆ ಮೂಲೆಗಿಟ್ಟರೆ ಅಲ್ಲೂ ಮೂಲೆಯಲ್ಲೇ ಇರುತ್ತದೆ. ಇನ್ನೊಂದು ಕಟ್ಟಳೆಯೂ ಇತ್ತು. ನಲವತ್ತನೇ ದಿನ ಫ್ಲೋರಿಕಾಳ ಹಸಿರು ಕೋಟಿಗೆ ಯಾಸ್ನಾ ಆಸೆಪಟ್ಟು ಕೇಳಿದಾಗ ದೋಕಿಯಾ ಅದನ್ನು ಬೀದಿ ಕೊನೆಯ ದರ್ಜಿ ಹೆಂಗಸಿಗೆ ಕೊಟ್ಟಿದ್ದಳು. "ಮನೆಯವರಿಗೆ ಕೊಟ್ರೆ ಮುಟ್ಟಲ್ಲ," ಅಂದಿದ್ದಳು. ಯಾಸ್ನಾ ಒಂದು ವಾರ ಅತ್ತಿದ್ದಳು.

"ನನ್ನನ್ನ ಒಂದು ಮಾತು ಕೇಳ್ದೆ!" ಅಂದ ರಾದಿವೋಯ್. "ಯಾರಿಗೆ ಕೊಡ್ತಾಳಂತೆ?"

"ಬಾಯಿ ಬಿಡ್ತಿಲ್ಲ." ಯಾಸ್ನಾ ಅಪ್ಪನ ಪಕ್ಕ ಕೂತು, "ನಿಂಗೇ ಇರ್ಬಹುದು ಅಪ್ಪ," ಅಂದಳು. "ಬಾರಿಸೋಕೆ ಬರೋನು ನೀನೊಬ್ನೇ. ಮತ್ತೆ ನೀನು... ಅಂದ್ರೆ ಅಜ್ಜಿ ಲೆಕ್ಕದಲ್ಲಿ..."

"ಹೊರಗಿನವನು. ಹೇಳು, ಪರವಾಗಿಲ್ಲ."

ಹೇಳಿದ ಮೇಲೆ ಅವನಿಗೇ ನಗು ಬಂತು. ಇಷ್ಟು ವರ್ಷ ಹೊರಗಿನವನು ಅನ್ನಿಸಿಕೊಂಡದ್ದಕ್ಕೆ ಒಂದು ಸಲವಾದರೂ ಲಾಭವಾಗಲಿ. ಕೊಡಲಿ ನನಗೇ, ಟವೆಲ್ ಸಮೇತ ಇಸಕೊಳ್ಳುತ್ತೇನೆ. ಆಮೇಲೆ ಎಲ್ಲಾದರೂ ಒಂದು ಕೋಣೆ ನೋಡಿಕೊಂಡರಾಯಿತು. ಹೀಗೆ ಅಂದುಕೊಂಡು ಅವನು ಪತ್ರಿಕೆಯಲ್ಲಿ ಬಾಡಿಗೆ ಕೋಣೆಗಳ ಜಾಹೀರಾತಿಗೆ ಪೆನ್ಸಿಲಿನಲ್ಲಿ ಗುರುತು ಹಾಕತೊಡಗಿದ. ಹಾಕಿದ ಗುರುತನ್ನು ಒಮ್ಮೆ ಅಳಿಸಿದ. ಮತ್ತೆ ಹಾಕಿದ.

ಪೊಮಾನಾ ಶನಿವಾರ ಬಂತು. ಬೆಳಿಗ್ಗೆ ಸ್ಮಶಾನಕ್ಕೆ ಹೋಗಿ ಬಂದರು. ಮೇಜನ್ನು ಉದ್ದ ಮಾಡಿ ಬೇಯಿಸಿದ ಗೋಧಿ, ಬೀನ್ಸು, ಮೀನು, ರೊಟ್ಟಿ, ಹಣ್ಣಿನ ಸಾರಾಯಿ ರಾಕಿಯಾ ಇಟ್ಟರು. ದೋಕಿಯಾ ಉಗ್ರಾಣಕ್ಕೆ ಹೋಗಿ ಫ್ಲೋರಿಕಾಳ ಕೆಂಪು ಬಾಟಲಿಗಳನ್ನು ಒಂದೊಂದಾಗಿ ತಂದಳು. ಎಲ್ಲವನ್ನೂ ತಂದಳು.

"ಅಜ್ಜಿ, ಒಂದಾದ್ರೂ ಉಳಿಸು," ಅಂದಳು ಯಾಸ್ನಾ.

"ಉಳಿಸಿ ಏನು ಮಾಡೋದು? ಅವಳಿಗೂ ಹಸಿವಾಗಿರುತ್ತೆ."

ನೆರೆಯವರು ಹತ್ತು ಹನ್ನೆರಡು ಮಂದಿ ಬಂದರು. ಪೆರ್ಸಿಡಾ ಬರುವುದಕ್ಕೆ ಹೆದರಿದ್ದಳು. ದೋಕಿಯಾ ತಾನೇ ಕೆಳಗಿಳಿದು ಹೋಗಿ ಕರೆದುಕೊಂಡು ಬಂದಿದ್ದಳು. ಉಂಡಾದ ಮೇಲೆ ಮುದುಕಿ ಟವೆಲ್ ಹೊದಿಸಿದ ಪೆಟ್ಟಿಗೆಯನ್ನು ಎದೆಗೆ ಅವುಚಿಕೊಂಡು ಬಂದಳು. ಮೇಲೆ ಒಂದು ಮೇಣದಬತ್ತಿ ಉರಿಯುತ್ತಿತ್ತು. ರಾದಿವೋಯ್ ಎದ್ದು ನಿಂತ. ಯಾರೂ ಹೇಳದಿದ್ದರೂ ಅವನ ಎರಡೂ ಕೈ ತಾವಾಗಿಯೇ ಮುಂದೆ ಚಾಚಿದವು.

ದೋಕಿಯಾ ಅವನ ಮುಂದೆ ನಿಂತಳು. ಚಾಚಿದ ಕೈಗಳನ್ನು ನೋಡಿದಳು.

"ಏನೋ ಇದು, ಕೈ ನೀಡ್ತೀಯಾ?" ಅಂದಳು, ಎಲ್ಲರಿಗೂ ಕೇಳುವ ಹಾಗೆ. ಕಿವಿ ಮಂದವಾದವರ ದನಿ ತಗ್ಗುವುದಿಲ್ಲ. "ಬುದ್ಧಿ ಇದ್ಯೇನೋ ರಾದೆ ನಿಂಗೆ? ಮನೆಯವರಿಗೆ ಕೊಟ್ರೆ ಅವಳಿಗೆ ಮುಟ್ಟುತ್ತೇನೋ?"

ಅವನು ಕೈ ಇಳಿಸಲೂ ಮರೆತು ನಿಂತ. ಅವಳು ಅವನನ್ನು ದಾಟಿ ಹೋಗಿ ಪೆರ್ಸಿಡಾಳ ಮಡಿಲಿಗೆ ಪೆಟ್ಟಿಗೆ ಇಟ್ಟಳು.

"ಇದು ಫ್ಲೋರಿಕಾ ಮುಂದೆ ಇರಲಿ."

"ದೇವರು ಮುಟ್ಟಿಸ್ಲಿ," ಅಂದಳು ಪೆರ್ಸಿಡಾ, ಗಾಬರಿಯಿಂದ. "ಆದ್ರೆ ಅಮ್ಮಾ, ನಂಗೆ ಬಾಗಿಲ ಗಂಟೆ ಬಿಟ್ರೆ ಬೇರೇನೂ ಬಾರಿಸೋಕೆ ಬರಲ್ಲ!"

"ಪೆಟ್ಟಿಗೆ ನಿಂದು. ಬಾರ್ಸೋಕೆ ನಮ್ಮ ಮನೆ ಹುಡುಗ ಬರ್ತಾನೆ. ಭಾನುವಾರ ಹನ್ನೊಂದಕ್ಕೆ, ಅವಳು ಸಾರಿಗೆ ಇಡ್ತಿದ್ದ ಹೊತ್ತಿಗೆ. ಬಾಗಿಲು ತೆಗೆದಿಟ್ಟಿರು. ಏನು ನಡೀತಿದೆ ಅಂತ ನಂಗೂ ಗೊತ್ತಾಗ್ಲಿ."

ಜನ ನಕ್ಕರು. ಅರವತ್ತಮೂರು ವರ್ಷದ ಹುಡುಗ ನಗಲಿಲ್ಲ. ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ತೊಳೆದಿದ್ದ ತಟ್ಟೆಗಳನ್ನೇ ಇನ್ನೊಂದು ಸಲ ತೊಳೆದ. ಹಂದಿಯೂ ಹೋಯಿತು, ಮರಿಯೂ ಹೋಯಿತು. ಪೆನ್ಸಿಲ್ ಗುರುತಿನ ಪತ್ರಿಕೆಯನ್ನು ಯಾಸ್ನಾ ಆಗಲೇ ಮೀನಿನ ಮುಳ್ಳು ಸುತ್ತಲು ತೆಗೆದುಕೊಂಡಿದ್ದಳು.

ಮಾರನೆಯ ದಿನ ಹನ್ನೊಂದಕ್ಕೆ ಅವನು ಗಿಟಾರು ಹಿಡಿದು ಒಂದು ಮಹಡಿ ಇಳಿದ. ಪೆರ್ಸಿಡಾಳ ಬಾಗಿಲು ಹೇಳಿದಂತೆಯೇ ತೆರೆದಿತ್ತು. ಪೆಟ್ಟಿಗೆಯನ್ನು ಅವಳು ಕಿಟಕಿಯ ಕೆಳಗೆ ಕ್ರೋಶಾ ಬಟ್ಟೆಯ ಮೇಲೆ ಕೂರಿಸಿದ್ದಳು. ಅವಳು ಒಲೆಯ ಕಡೆ ತಿರುಗಿ ಕ್ಯಾರೆಟ್ ಹೆಚ್ಚತೊಡಗಿದಳು.

ವಾಲ್ವ್ ಬಿಸಿಯಾಗುವವರೆಗೆ ಕಾದು, ಗುಂಡಿಯನ್ನು ಒಂದಕ್ಕಿಟ್ಟು ಬಾರಿಸಿದ. ಒಂದು ವರ್ಷದ ನಂತರ ಫ್ಲೋರಿಕಾಳಿಗೆಂದು ಮೀಟಿದ ಮೊದಲ ಸ್ವರ. ಮೆತ್ತಗಿತ್ತು, ಸತ್ತಿರಲಿಲ್ಲ. ಅವಳು ಬೇಕೆಂದದ್ದು ಇದೇ. ಇದನ್ನು ಹೌದು ಅನ್ನಲು ಅವಳಿಲ್ಲ. ಇನ್ನು ಯಾವ ಅಡುಗೆಮನೆಯಿಂದಲೂ ಆ ಕೂಗು ಬರುವುದಿಲ್ಲವೆಂದು ಅವನಿಗೆ ಆಗ ಪೂರ್ತಿ ತಿಳಿಯಿತು. ತಿಳಿದ ಮೇಲೂ ಕೈ ನಿಲ್ಲಿಸಲಿಲ್ಲ.

ಟಣ್. ಟಣ್. ಟಣ್.

ಬಿಸಿನೀರಿನ ಕೊಳವೆ. ಮೂವತ್ತನಾಲ್ಕು ವರ್ಷದ ಅಭ್ಯಾಸದಿಂದ ಅವನ ಕೈ ಸದ್ದು ಇಳಿಸಲು ಗುಂಡಿಗೆ ಹೋಯಿತು. ಪೆರ್ಸಿಡಾ ಚಾಕು ಹಿಡಿದೇ ತಿರುಗಿದಳು.

"ನಾನಲ್ಲಪ್ಪಾ!"

ಸದ್ದು ಮೇಲಿನಿಂದ ಬರುತ್ತಿತ್ತು. ಮೆಟ್ಟಿಲ ಮೇಲಿಂದ ಯಾಸ್ನಾ ಬಗ್ಗಿ ಕೂಗಿದಳು:

"ಅಪ್ಪಾ! ಅಜ್ಜಿ ಕೊಳವೆಗೆ ಕಿವಿ ಕೊಟ್ಕೊಂಡು ಕೂತಿದ್ದಾಳೆ. ಏನೂ ಕೇಳ್ತಿಲ್ವಂತೆ. ಜಾಸ್ತಿ ಮಾಡ್ಬೇಕಂತೆ!"

ರಾದಿವೋಯ್ ಗುಂಡಿಯನ್ನು ಎರಡಕ್ಕೆ ತಿರುಗಿಸಿದ. ಮತ್ತೆ ಟಣ್ ಅಂದಿತು. ಮೂರಕ್ಕೆ ತಿರುಗಿಸಿದ.